ದಿನಕ್ಕೆ ಮೂರು ಲೋಟ

ಮುಹರ್ರಕ್‌ನ ಡಯಾಲಿಸಿಸ್ ವಾರ್ಡು. ಮಂಗಳವಾರ, ಬೆಳಗಿನ ಪಾಳಿ.
ಏಳನೆಯ ಕುರ್ಚಿಯಲ್ಲಿ ಅದ್ನಾನ್, ಐವತ್ತೊಂಬತ್ತು.
ಭಾನುವಾರದಿಂದೀಚೆಗೆ ಮೂರೂವರೆ ಕಿಲೋ ಏರಿದೆ,
ಅಷ್ಟೂ ನೀರು.
"ಕದ್ದು ಕುಡಿದಿರಿ" ಎನ್ನುತ್ತೇನೆ.
ಆತ ಸೀಲಿಂಗು ನೋಡುತ್ತಾನೆ.

ಪಕ್ಕದ ಸ್ಟೂಲಿನಲ್ಲಿ ಅವನಪ್ಪ, ಹಾಜಿ ಸುರೂರ್,
ಎಂಬತ್ತೆಂಟಾದರೂ ಬಾಗದ ಒಣ ಕೋಲು.
ಎಡಗಿವಿ ಹದಿಮೂರಕ್ಕೇ ಒಡೆದಿತ್ತು,
ಹತ್ತು ಮಾರು ಕೆಳಗೆ, ಮುತ್ತಿನ ಚಿಪ್ಪು ಹುಡುಕುವಾಗ.
ಬಲಗಿವಿಯ ಕಡೆ ನಿಂತು ಮಾತಾಡಬೇಕು.

ಹಡಗಿನಲ್ಲಿ ದಿನಕ್ಕೆ ಎಷ್ಟು ನೀರು, ಬಾಬಾ?
ಬೆರಳಿನಿಂದ ಲೋಟದ ಅಳತೆ ತೋರಿಸುತ್ತಾರೆ,
ಒಮ್ಮೆ, ಎರಡು ಸಲ, ತಡೆದು ಮೂರನೆಯದು.
ಮಗನ ಚಾರ್ಟಿನಲ್ಲಿ ಡಾಕ್ಟರು ಬರೆದದ್ದೂ ಅಷ್ಟೇ.
ಈ ಲೆಕ್ಕಕ್ಕೆ ಇಬ್ಬರೂ ನಗಲಿಲ್ಲ.
ಒಂದು ಸರದಿಗೆ ಯಂತ್ರ ಕುಡಿಯುವ ನೀರು ನೂರಿಪ್ಪತ್ತು ಲೀಟರು,
ಸಮುದ್ರವನ್ನೇ ಸೋಸಿ, ಮತ್ತೆ ಸೋಸಿ,
ಒಬ್ಬನ ನೆತ್ತರು ತೊಳೆಯಲಿಕ್ಕೆ.

ಉಪ್ಪು ನೀರಿನ ತಳದಲ್ಲಿ ಸಿಹಿ ಊಟೆ ಇತ್ತಂತೆ.
ಚರ್ಮದ ಚೀಲ ಕಟ್ಟಿಕೊಂಡು ಮುಳುಗಿ,
ಬುಗ್ಗೆಯ ಬಾಯಿಗೆ ಚೀಲದ ಬಾಯಿ ಒತ್ತಿ
ತುಂಬಿ ತರುತ್ತಿದ್ದರಂತೆ.
ಕಥೆ ಅಂದುಕೊಂಡಿದ್ದೆ. ಅವರು ಕೈಯೆತ್ತಿ ಆಣೆ ಇಟ್ಟರು.

ಹಾಗಾದರೆ ಆ ಕಾಲವೇ ಚೆನ್ನಾಗಿತ್ತಲ್ಲ, ಎಂದೆ, ಸುಮ್ಮನೆ.
ಮುದುಕರ ಕಣ್ಣು ಸಣ್ಣದಾಯಿತು.
"ಅಮ್ಮ ಹೆತ್ತದ್ದು ಒಂಬತ್ತು. ಉಳಿದದ್ದು ಎರಡು.
ಏಳು ಸಣ್ಣ ದಿಬ್ಬಗಳನ್ನು ನಾನು ಎಣಿಸಬಲ್ಲೆ.
ಈ ಮಗ ಹುಟ್ಟಿದಾಗ ಊರಿಗೆ ನಲ್ಲಿ ಬಂತು, ಲೈಟು ಬಂತು,
ಮನೆಗೆ ಐಸಿನ ಪೆಟ್ಟಿಗೆ ಬಂತು.
ಇವನು ಅದರ ಬಾಗಿಲು ಮುಚ್ಚಲೇ ಇಲ್ಲ.
ಇರಲಿ.
ಮುಚ್ಚು ಎಂದು ನಾನು ಹೇಳಲಿಲ್ಲ."

ಮೊಮ್ಮಗಳು ನೌಫ್ ಹೆಜ್ಜೆ ಎಣಿಸುತ್ತಾಳೆ, ಬಾದಾಮಿ ಎಣಿಸುತ್ತಾಳೆ,
ತಿಂಗಳಿಗೆ ನಲವತ್ತು ದಿನಾರ್ ಕೊಟ್ಟು ಹಸಿವು ಕಲಿಯುತ್ತಾಳೆ.
ಅಜ್ಜನಿಗೆ ಡಬ್ಬಿಯಲ್ಲಿ ಬೇಯಿಸಿದ ಕಡಲೆ ತಂದಿದ್ದಳು, ನಖಿ.
ಅವರು ಅದನ್ನು ಒಸಡಿನಲ್ಲಿ ಅರೆಯುವಾಗ
ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ:
ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.
ವಾರ್ಡಿಗೆ ವಾರ್ಡೇ ತಿರುಗುವಂತೆ ನಕ್ಕರು.
"ಇದು ನಮ್ಮದು, ನೀವು ಕದ್ದಿದ್ದೀರಿ!"

ಇರಬಹುದು. ನನ್ನಜ್ಜಿ ಸೆರಫಿನ್
ಮಂಗಳೂರಿನ ಬಂದರಿನ ಗೋದಾಮಿನಲ್ಲಿ ಅಕ್ಕಿ ಗೇರುತ್ತಿದ್ದಳು.
ಬರಿಗಾಲ ಅರಬರು ಹಾಯಿ ಬಿಚ್ಚಿ ಬಂದು
ಖರ್ಜೂರ ಇಳಿಸಿ, ಮೂಟೆ ಹೊತ್ತು ಹೋಗುತ್ತಿದ್ದರು.
ಪಾಪದವರು, ಎನ್ನುತ್ತಿದ್ದಳು, ಮುಷ್ಟಿ ನುಚ್ಚು ಜಾಸ್ತಿ ಹಾಕಿ.
ಇವರಿಗೆ ಅದನ್ನು ಹೇಳಿಲ್ಲ.
ಹೇಳಬಹುದೋ, ತಿಳಿಯದು.

ಹತ್ತೂವರೆಗೆ ಟ್ಯಾಬ್ ಹಿಡಿದ ಹುಡುಗಿ ಬಂದಳು,
ಯಾವುದೋ ಇಲಾಖೆಯ ಸಮೀಕ್ಷೆ, ಜನರ ನೆಮ್ಮದಿಯದು.
"ಹತ್ತು ಮೆಟ್ಟಿಲ ಏಣಿ ಇದೆ ಅಂದುಕೊಳ್ಳಿ, ಅಜ್ಜ.
ನೀವು ಎಷ್ಟನೆಯದರಲ್ಲಿ ನಿಂತಿದ್ದೀರಿ?"
"ಏಣಿ ಯಾರು ಕೊಟ್ಟರು, ಮಗೂ?
ನಮಗಿದ್ದದ್ದು ಹಗ್ಗ.
ನಾನು ಜಗ್ಗಬೇಕು, ಮೇಲಿದ್ದವನು ಎಳೆಯಬೇಕು."
ಆ ಉತ್ತರಕ್ಕೆ ಟ್ಯಾಬಿನಲ್ಲಿ ಜಾಗವಿರಲಿಲ್ಲ.
ಅವಳು ಎಂಟು ಒತ್ತಿದಳು.

ನನ್ನ ಕಡೆ ತಿರುಗಿದಳು, ಬ್ಯಾಡ್ಜು ಓದಿದಳು,
ಐರಿನ್ ಮಥಾಯಸ್,
ಕ್ಷಮಿಸಿ, ಇದು ನಾಗರಿಕರಿಗೆ ಮಾತ್ರ, ಎಂದಳು.
ಒಳ್ಳೆಯ ಹುಡುಗಿ. ನಿಜಕ್ಕೂ ಮುಖ ಕೆಂಪಾಗಿತ್ತು.
ಹನ್ನೆರಡು ವರ್ಷದಲ್ಲಿ ಮೊದಲ ಸಲ
ನಾನು ಮನಸ್ಸಿನಲ್ಲೇ ಏಣಿ ಹತ್ತಿ ನೋಡಿದೆ:
ಶಿರ್ವದ ಬಾವಿಗೆ ಪಂಪು, ಮಗಳಿಗೆ ನನಗಿಂತ ಮೂರಿಂಚು ಎತ್ತರ,
ಅದು ಬೆಳೆದದ್ದು ನಾನು ನೋಡದ ಮೂರಿಂಚು.
ಆರು? ಆರೂವರೆ?

"ನಿಮ್ಮ ಹಗ್ಗ ಹಿಡಿದವನು ಯಾರು, ಬಾಬಾ?"
ತುಂಬ ಹೊತ್ತು ಕಡಲೆ ಅಗಿದರು.
"ಹೆಸರು ಹೋಯಿತು.
ಕೈ ನೆನಪಿದೆ. ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ."

ಏಳನೆಯ ಯಂತ್ರ ಕೂಗಿತು.
ಅದ್ನಾನ್ ನಿದ್ದೆಯಲ್ಲೇ ತುಟಿ ನೆಕ್ಕಿಕೊಂಡ.
ಕೊಳವೆ ಬಿಡಿಸುವ ಮೊದಲು
ಅವನ ಪಾಲಿನಲ್ಲಿ ಉಳಿದ ಅರ್ಧ ಲೋಟ ತಂದಿಟ್ಟೆ.
ಹಾಜಿ ಸುರೂರ್ ಅದನ್ನೇ ನೋಡುತ್ತ ಕುಳಿತರು,
ಕೈ ಮುಂದೆ ಮಾಡಲಿಲ್ಲ.